ಲಾಯದ ಅವ್ವನವರು ಹೇಳಿದ ‘ಸರೀರಿ’

ಪೂಜ್ಯ ಮಾತೋಶ್ರೀ ಶಿವಯೋಗಾಂಬೆಯವರನ್ನು ಆ ಪೂರ್ತಿ ಹೆಸರಿನಿಂದ ಕರೆದವರು ಮಿರಜಿನಲ್ಲಿ ಯಾರೂ ಇರಲಿಲ್ಲ. ಊರಿಗೆಲ್ಲ ಅವರು ಲಾಯದ ಅವ್ವ. ಸಂಸ್ಥಾನದ ವೈಭವ ಮುಗಿದು, ಕುದುರೆಗಳು ಹೋಗಿ, ಕುದುರೆ ಏರುತ್ತಿದ್ದವರೂ ಹೋದ ಮೇಲೆ, ಹಳೆಯ ವಾಡೆಯೊಂದರ ಹಿಂದೆ ಪಾಳುಬಿದ್ದಿದ್ದ ಕುದುರೆಲಾಯದಲ್ಲಿ ಅವರು ವಾಸವಾಗಿದ್ದರು. ಮೋಟುಗೋಡೆ, ನಾಡಹೆಂಚಿನ ಮಾಡು, ಗೋಡೆಯುದ್ದಕ್ಕೂ ಕುದುರೆ ಕಟ್ಟುತ್ತಿದ್ದ ಕಬ್ಬಿಣದ ಬಳೆಗಳು, ಕೊನೆಯಲ್ಲೊಂದು ಕಲ್ಲಿನ ಗೋದಲಿ. ಮೇವು ಹಾಕುತ್ತಿದ್ದ ಆ ಗೋದಲಿಯಲ್ಲಿ ಈಗ ಕುಡಿಯುವ ನೀರಿನ ಕೊಡಗಳಿದ್ದವು. ಅವ್ವನವರ ಆಸ್ತಿಯೆಂದರೆ ಉಡಲು ಎರಡು ಸೀರೆ, ಹೊದೆಯಲು ಒಂದು ಕಂಬಳಿ, ಕೊರಳಲ್ಲಿ ಲಿಂಗ, ಮತ್ತು ಒಂದು ದಿಬ್ಬಣಕ್ಕಾಗುವಷ್ಟು ನುಚ್ಚು ಬೇಯುವ ತಾಮ್ರದ ಹಂಡೆ.

ಸಾಧಕರು ಗವಿ ಹುಡುಕಿಕೊಂಡು ಬೆಟ್ಟ ಹತ್ತುತ್ತಾರೆ. ಅವ್ವನವರು ದೊಡ್ಡ ದವಾಖಾನೆಯ ಹಿಂದಿನ ಓಣಿಗೆ ಬಂದರು. ಬೆಳಗಾವಿ, ವಿಜಾಪುರ, ಗದಗಿನಿಂದೆಲ್ಲ ಜನ ರೋಗಿಗಳನ್ನು ಹೊತ್ತುಕೊಂಡು ಮಿರಜಿಗೆ ಬರುತ್ತಿದ್ದ ಕಾಲ ಅದು. ರೋಗಿಗೆ ದವಾಖಾನೆಯಲ್ಲಿ ಮಂಚ ಸಿಗುತ್ತಿತ್ತು. ಸಿಗುವವರೆಗೆ ಅವನು ಎಲ್ಲಿರಬೇಕು, ಜೊತೆಗೆ ಬಂದವರು ಎಲ್ಲಿ ತಲೆ ಊರಬೇಕು, ಅದಕ್ಕೆ ಮಾತ್ರ ಯಾವ ಡಾಕ್ಟರರ ಬಳಿಯೂ ಔಷಧಿ ಇರಲಿಲ್ಲ. ಆ ಒಂದು ಬೇನೆಗೆ ಅವ್ವನವರೇ ವೈದ್ಯರು. ಲಾಯಕ್ಕೆ ಬಾಗಿಲಿರಲಿಲ್ಲ. ಇದ್ದ ಬಾಗಿಲನ್ನು ಅವರೇ ಕೀಳಿಸಿ, ಅದರ ಹಲಗೆಯಲ್ಲಿ ರೋಗಿಗಳು ಒರಗಲಿಕ್ಕೆ ಮಂಚ ಮಾಡಿಸಿದರೆಂದು ಹಳಬರು ಹೇಳುತ್ತಾರೆ. ಬಾಡಿಗೆಯ ಮಾತಿಲ್ಲ. ಉಪದೇಶದ ಮಾತೂ ಇಲ್ಲ. ಮಾತೇ ಅವರಲ್ಲಿ ಅಪರೂಪ. ಬಾಯಿ ತೆರೆದರೆ ಒಂದು, ಹೆಚ್ಚೆಂದರೆ ಎರಡು.

ಇಂಥ ಲಾಯದ ಮುಂದೆ ಒಂದು ಬೇಸಿಗೆಯ ಮಧ್ಯಾಹ್ನ ಟಾಂಗಾದಿಂದ ಇಳಿದವಳು ಗದಗಿನ ತಾರಾಬಾಯಿ.

ತಾರಾಬಾಯಿ ಹತ್ತಿ ದಲಾಲರ ಮನೆಯ ವಿಧವೆ. ಕಾಶಿ, ದ್ವಾರಕೆ, ರಾಮೇಶ್ವರ ಎಲ್ಲ ಮುಗಿಸಿದವಳು. ಕೆಲವನ್ನು ಎರಡೆರಡು ಸಲ. ದೇವರ ದರ್ಶನ ಮರೆತರೂ ಧರ್ಮಶಾಲೆಯ ದರ್ಶನ ಮರೆಯುವ ಹೆಂಗಸಲ್ಲ. ನಾಸಿಕದಲ್ಲಿ ಯಾವ ಧರ್ಮಶಾಲೆಯ ಮಾಳಿಗೆಗೆ ಗಾಳಿ ಬರುತ್ತದೆ, ಹರಿದ್ವಾರದಲ್ಲಿ ಯಾವ ಕಾರಭಾರಿ ಬಿಸಿನೀರಿನ ವಿಷಯದಲ್ಲಿ ಸುಳ್ಳು ಹೇಳುತ್ತಾನೆ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿ. ಕೋಣೆಯೊಂದನ್ನು ತೋರಿಸಿದರೆ ಮೊದಲು ಚಿಲಕ ಎಳೆದು ನೋಡುವಳು, ಆಮೇಲೆ ನಲ್ಲಿ ತಿರುವುವಳು, ಕೊನೆಗೆ ಮಂಚದ ಕಾಲಿಗೆ ತಂಬಿಗೆಯ ತಳದಿಂದ ಒಂದು ಏಟು ಹಾಕಿ, ತಗಣಿ ಹೊರಬರುತ್ತವೆಯೋ ಎಂದು ಸೊಂಟಕ್ಕೆ ಕೈಕೊಟ್ಟು ಕಾಯುವಳು. ಬಳಗದವರು ಯಾತ್ರೆಗೆ ಹೊರಟರೆ ಅಯ್ಯನವರನ್ನು ಮುಹೂರ್ತ ಕೇಳುವ ಮೊದಲು ತಾರಾಬಾಯಿಯನ್ನು ಬಿಡಾರ ಕೇಳುತ್ತಿದ್ದರು.

ಈ ಹುಚ್ಚಿಗೂ ಒಂದು ಮೂಲವಿತ್ತು. ತುಂಬಿದ ಮನೆಗೆ ಸೊಸೆಯಾಗಿ ಹೋದ ಅವಳಿಗೆ ಸಿಕ್ಕಿದ್ದು ಬೀಸುಕಲ್ಲಿನ ಪಕ್ಕದ ಓಡಾಡುವ ದಾರಿ. ಬೆಳಗಿನ ಜಾವ ಎದ್ದವರೆಲ್ಲ ಅವಳನ್ನು ದಾಟಿಕೊಂಡೇ ಹೋಗುವರು. ಗಂಡ ತೀರಿಕೊಂಡ ಮೇಲೆ ತಮ್ಮ ಕಲ್ಲಿನಾಥ ಅವಳನ್ನು ಕರೆತಂದು, ತನ್ನ ಮನೆಯಲ್ಲಿ ಅವಳದೇ ಎಂದು ಒಂದು ಕೋಣೆ ಕೊಟ್ಟ. ಆ ದಿನದಿಂದ ಕೈಕಾಲು ಚಾಚುವಷ್ಟು ಜಾಗ ಎಂಬುದು ತಾರಾಬಾಯಿಗೆ ಒಂದು ಧರ್ಮವೇ ಆಗಿಹೋಯಿತು. ಆ ಧರ್ಮಕ್ಕೆ ಒಬ್ಬನೇ ಗುರು, ಕಲ್ಲಿನಾಥ.

ಈಗ ಆ ಕಲ್ಲಿನಾಥನ ಹೊಟ್ಟೆಯಲ್ಲಿ ಗಂಟು. ತೆಗೆಯಲೇಬೇಕು, ತಡಮಾಡಬಾರದು ಎಂದು ಆ ದಿನ ಬೆಳಿಗ್ಗೆ ದವಾಖಾನೆಯಲ್ಲಿ ಹೇಳಿದ್ದರು. ಆದರೆ ಮಂಚ ಖಾಲಿ ಇಲ್ಲ. ಖಾಲಿಯಾದ ಹಾಗೆ ಬೆಳಿಗ್ಗೆ ಗೇಟಿನಲ್ಲಿ ಹೆಸರು ಕರೆಯುತ್ತೇವೆ. ಕರೆದಾಗ ಓಗೊಟ್ಟವರಿಗೆ ಮಂಚ, ಇಲ್ಲದಿದ್ದರೆ ಹಿಂದಿನವರ ಪಾಳಿ. ನಾಳೆಯೇ ಆಗಬಹುದು, ಹದಿನೈದು ದಿನವೂ ಆಗಬಹುದು ಎಂದಿದ್ದರು. ಟಾಂಗಾ ಒಂದು ಕಲ್ಲು ಹತ್ತಿಳಿದರೂ ಕಲ್ಲಿನಾಥ ತುಟಿ ಕಚ್ಚುತ್ತಿದ್ದ. ಹಾಗಾಗಿ ಬಿಡಾರ ಹತ್ತಿರವಿರಬೇಕು. ಅವನು ಕಾಲು ನೀಡಿ ಮಲಗುವಂತೆ ಅಗಲವಿರಬೇಕು. ಮುಂದಿನ ಖರ್ಚು ನೆನೆದರೆ ಅಗ್ಗವೂ ಆಗಿರಬೇಕು. ಈ ಮೂರೂ ಕೂಡಿದ ಜಾಗ ಕೈಲಾಸ ಒಂದೇ, ಆದರೆ ಅದು ಹತ್ತಿರವಿಲ್ಲ ಎಂದು ಕಲ್ಲಿನಾಥನೇ ನೋವಿನ ನಡುವೆ ನಗೆಯಾಡಿದ್ದ.

ಜೊತೆಗೆ ಅವನ ಹೆಂಡತಿ ನೀಲಗಂಗಾ, ನೀಲಗಂಗೆಯ ತಾಯಿ ಸಂಗವ್ವ, ಸಾಮಾನು ಹೊರಲಿಕ್ಕೆಂದು ಬಂದು ದಾರಿಯುದ್ದಕ್ಕೂ ಗೊಣಗುತ್ತಿದ್ದ ದಾಯಾದಿ ಮುರಿಗೆಪ್ಪ. ಸಂಗವ್ವನಿಗೆ ಎರಡೂ ಕಿವಿ ಮಂದ. ಮಗಳು ಕಿವಿಗೆ ಬಾಯಿಟ್ಟು ಕೂಗಿದರೆ ನಾಲ್ಕರಲ್ಲಿ ಒಂದು ಮಾತು ಕೇಳುತ್ತಿತ್ತು.

ಬೇಸಿಗೆಯ ರಜೆ, ಮದುವೆಯ ಸುಗ್ಗಿ. ದವಾಖಾನೆಯ ಸುತ್ತಲಿನ ಖಾನಾವಳಿ, ಧರ್ಮಶಾಲೆಗಳೆಲ್ಲ ತುಂಬಿ ತುಳುಕುತ್ತಿದ್ದವು. ತಾರಾಬಾಯಿ ಬೇಡವೆಂದ ಜಾಗಗಳೂ ಅರ್ಧ ಗಳಿಗೆ ಬಿಟ್ಟು ತಿರುಗಿ ಹೋಗುವಷ್ಟರಲ್ಲಿ ಬೇರೆಯವರ ಪಾಲಾಗಿದ್ದವು. ಕೊನೆಗೆ ಟಾಂಗಾದ ದಸ್ತಗೀರ ತಾನೇ ಲಗಾಮು ತಿರುವಿ ಅವರನ್ನು ಲಾಯದ ಮುಂದೆ ತಂದು ನಿಲ್ಲಿಸಿದ.

ತಾರಾಬಾಯಿ ಚಪ್ಪಲಿ ಬಿಡದೆ ಹೊಸ್ತಿಲಲ್ಲಿ ನಿಂತಳು. ಸಾಧುಸಂತರ ವಿಷಯದಲ್ಲಿ ಅವಳಿಗೆ ಒಂದು ಗಟ್ಟಿಯಾದ ಅಭಿಪ್ರಾಯವಿತ್ತು: ಪುಕ್ಕಟೆ ಜಾಗದಷ್ಟು ತುಟ್ಟಿ ಜಾಗ ಇನ್ನೊಂದಿಲ್ಲ. ಎಷ್ಟು ಕ್ಷೇತ್ರಗಳಲ್ಲಿ ನೋಡಿಲ್ಲ ಅವಳು; ಸಂಜೆ ಕೈಹಿಡಿದು ಒಳಗೆ ಕರೆಯುತ್ತಾರೆ, ಬೆಳಿಗ್ಗೆ ತಟ್ಟೆ ಹಿಡಿದು ಎದುರು ನಿಲ್ಲುತ್ತಾರೆ. ಕಣ್ಣಳತೆಯಲ್ಲೇ ಕಂಬದಿಂದ ಕಂಬಕ್ಕೆ ಅಂಕಣಗಳನ್ನು ಎಣಿಸಿದಳು. ಗೋಡೆಯಿಂದ ಗೋಡೆಗೆ ಜನ. ಒಬ್ಬಳು ಹಿಟ್ಟು ನಾದುತ್ತಿದ್ದಾಳೆ, ಒಬ್ಬ ಕಾಲಿಗೆ ಪಟ್ಟಿ ಕಟ್ಟಿಕೊಂಡು ಒರಗಿದ್ದಾನೆ, ಗಂಟುಮೂಟೆಗಳ ನಡುವೆ ಯಾರದೋ ಕೂಸು. ನಡುವೆ ಅವ್ವನವರು ಮೊರದಲ್ಲಿ ಜೋಳದ ನುಚ್ಚು ಕೇರುತ್ತ ಕುಳಿತಿದ್ದರು.

“ಇಷ್ಟ ಏನ್ರಿ?” ಎಂದಳು ತಾರಾಬಾಯಿ.

ಅವ್ವನವರು ತಲೆಯೆತ್ತಿದರು. ಅವರ ದೃಷ್ಟಿ ತಾರಾಬಾಯಿಯ ಮೇಲೆ ಒಂದು ಕ್ಷಣ, ಅವಳ ಹಿಂದೆ ಟಾಂಗಾದಲ್ಲಿ ಮುದುಡಿ ಕುಳಿತಿದ್ದ ಕಲ್ಲಿನಾಥನ ಮೇಲೆ ಬಹಳ ಹೊತ್ತು ನಿಂತಿತು.

“ಕುದುರಿಗೆ ಒಂದೊಂದು ಅಂಕಣ ಕೊಟ್ಟಿದ್ರು. ಮನುಷ್ಯಾರಿಗೆ ಅರ್ಧಾನೂ ಇಲ್ಲಲ್ರಿ. ನಾವು ಐದು ಮಂದಿ, ಅದರಾಗ ಒಬ್ಬ ಬ್ಯಾನಿ ಮನುಷ್ಯಾ. ಹಾಸೂದೆಲ್ಲಿ, ಹೊಚ್ಚೂದೆಲ್ಲಿ? ಇಲ್ಲಿ ಜಾಗಾ ಎಲ್ಲೈತ್ರೀ ಅವ್ವಾರ?”

ಅವ್ವನವರು “ಸರೀರಿ” ಎಂದರು.

ತಾರಾಬಾಯಿ ಮುಂದಿನ ಮಾತಿಗೆ ಕಾದಳು. ಮುಂದಿನ ಮಾತು ಬರಲಿಲ್ಲ. ಅವಳಿಗೆ ಒಂದು ಬಗೆಯ ಗೌರವವೂ ಹುಟ್ಟಿತು: ಮುದುಕಿ ಕಪಟಿಯಲ್ಲ, ಜಾಗವಿಲ್ಲವೆಂದರೆ ಖರೆ ಎಂದು ಒಪ್ಪಿಕೊಳ್ಳುತ್ತಾಳೆ, ಹಿಡಿದೆಳೆದು ಕೂಡಿಸಿಕೊಳ್ಳುವವಳಲ್ಲ. ಹೊರಡಲೆಂದು ಟಾಂಗಾದ ಕಡೆ ಹೊರಳಿದವಳು ಮತ್ತೆ ತಿರುಗಿ ನೋಡಿದರೆ ಸಂಗವ್ವ ಯಾವಾಗಲೋ ಒಳಗೆ ನುಗ್ಗಿ, ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಾಳೆ. ಬೀಗರ ಮುದುಕಿಯ ಈ ಭಂಡತನಕ್ಕೆ ತಾರಾಬಾಯಿಗೆ ಮೈಯೆಲ್ಲ ಉರಿಯಿತು. ಕಂಡವರ ಚಾಪೆಯ ಮೇಲೆ ಹೋಗಿ ಕೂತರೆ ನೋಡಿದವರು ಏನೆಂದಾರು? ರಟ್ಟೆ ಹಿಡಿದು ಎಬ್ಬಿಸಿ, ದರದರನೆ ಹೊರಗೆ ತಂದು ಟಾಂಗಾ ಹತ್ತಿಸಿದಳು. ಅವ್ವನವರು ತಡೆಯಲಿಲ್ಲ. ಮೊರವನ್ನು ಕೆಳಗಿಟ್ಟು, ಟಾಂಗಾ ಓಣಿ ದಾಟುವವರೆಗೂ ಅದನ್ನೇ ನೋಡುತ್ತಿದ್ದರು.

“ಸ್ವತಃ ಅವ್ವಾರ ಒಪ್ಪಿದ್ರು, ಜಾಗಾ ಇಲ್ಲಂತ,” ಎಂದು ತಾರಾಬಾಯಿ ಎಲ್ಲರಿಗೂ ಕೇಳುವಂತೆ ಹೇಳಿದಳು. ಕಲ್ಲಿನಾಥ ಕಣ್ಣು ಮುಚ್ಚಿಕೊಂಡಿದ್ದ.

ಸ್ಟೇಶನ್ನಿನ ಹತ್ತಿರ ಹೊಸದಾಗಿ ಕಟ್ಟಿದ್ದ ಲಾಡ್ಜೊಂದರಲ್ಲಿ ಕೊನೆಗೂ ಅವಳ ಮನಸ್ಸಿಗೆ ಒಪ್ಪುವ ಕೋಣೆ ಸಿಕ್ಕಿತು. ಮಹಡಿಯ ಮೇಲೆ, ಎರಡು ಕಡೆ ಕಿಟಕಿ, ಐದಲ್ಲ ಎಂಟು ಜನ ಮಲಗಿದರೂ ಓಡಾಡಲು ಜಾಗ ಉಳಿಯುವಷ್ಟು ಅಗಲ. ಚಿಲಕ ಬಿದ್ದಿತು, ನಲ್ಲಿಯಲ್ಲಿ ನೀರು ಬಂತು, ಮಂಚದ ಕಾಲಿಗೆ ತಂಬಿಗೆಯ ಏಟು ಬಿದ್ದರೂ ಒಂದು ತಗಣಿ ಹೊರಗೆ ಇಣುಕಲಿಲ್ಲ. ದವಾಖಾನೆಯಿಂದ ಸ್ವಲ್ಪ ದೂರ, ನಿಜ. ಆದರೆ ಬೆಳಿಗ್ಗೆ ಮುರಿಗೆಪ್ಪನನ್ನು ಗೇಟಿಗೆ ಕಳಿಸಿದರಾಯಿತು. ಅವಳು ಚೌಕಾಸಿಗೆ ಇಳಿದಾಗ ಮ್ಯಾನೇಜರು ಮೊದಲು ನಕ್ಕ, ಆಮೇಲೆ ಬೆವರಿದ, ಕೊನೆಗೆ ಕೀಲಿಕೈಯನ್ನು ಅವಳ ಅಂಗೈಗಿಟ್ಟ. ತಾರಾಬಾಯಿ ಕಟಾಂಜನದಿಂದ ಬಗ್ಗಿ, ಎಲ್ಲರೂ ಮೇಲೆ ಬರಲಿ ಎಂದು ಕೈ ಬೀಸಿದಳು.

ಕಲ್ಲಿನಾಥ ಅರ್ಧ ಮೆಟ್ಟಿಲು ಹತ್ತಿದ. ಅಲ್ಲಿ ಹೊಟ್ಟೆ ಹಿಡಿದುಕೊಂಡು ಕುಳಿತುಬಿಟ್ಟ. ಮುಖ ಬೂದಿಯಂತಾಗಿತ್ತು.

ಮ್ಯಾನೇಜರು ಅವನನ್ನು ನೋಡಿದ, ತಾರಾಬಾಯಿಯನ್ನು ನೋಡಿದ. ಅವಳ ಅಂಗೈಯಿಂದ ಕೀಲಿಕೈಯನ್ನು ಮೆಲ್ಲಗೆ ತೆಗೆದುಕೊಂಡ. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾದದ್ದು. ಇಂಥ ಒಬ್ಬರಿಗೆ ಕೊಟ್ಟು, ಅವರು ಕೋಣೆಯಲ್ಲೇ ತೀರಿಕೊಂಡು, ಉಳಿದ ಗಿರಾಕಿಗಳೆಲ್ಲ ಅದೇ ದಿನ ಖಾಲಿ ಮಾಡಿದ ಕತೆಯನ್ನು ಹೇಳಿದ. “ಬಾಯಾರ, ನಿಮಗ ಬೇಕಾದ್ರ ಈಗೂ ಕೊಡ್ತೇನಿ. ಅವರಿಗಿಲ್ಲ.”

ದೇಶದ ಅರ್ಧ ಕಾರಭಾರಿಗಳ ನೀರಿಳಿಸಿದ್ದ ತಾರಾಬಾಯಿ ತಮ್ಮನ ತೋಳು ಹಿಡಿದು ಮೆಟ್ಟಿಲು ಇಳಿಸಿದಳು. ಮ್ಯಾನೇಜರನ ಕುರ್ಚಿಯಲ್ಲಿ ತಾನಿದ್ದರೂ ಅದನ್ನೇ ಹೇಳುತ್ತಿದ್ದೆ ಎಂಬುದು ಅವಳಿಗೆ ಗೊತ್ತಿತ್ತು.

ಲಾಡ್ಜಿನ ಕಟ್ಟೆಯ ಮೇಲೆ ಐವರೂ ಕುಳಿತರು. ಬಿಸಿಲು ಇಳಿಯತೊಡಗಿತ್ತು. ಮುರಿಗೆಪ್ಪ ಸ್ಟೇಶನ್ನಿನ ಪ್ಲಾಟ್‌ಫಾರ್ಮ್ ಇದೆಯಲ್ಲ ಎಂದ.

“ಅಕ್ಕಾ,” ಎಂದ ಕಲ್ಲಿನಾಥ, “ಊರಿಗೆ ಹೋಗಿಬಿಡೂಣು. ಪಾಳಿ ಬಂದಾಗ ಬಂದರಾತು.”

ಊರಿಗೆ ಹೋದರೆ ಪಾಳಿ ಬರುವುದಿಲ್ಲ. ಬಂದರೂ ಓಗೊಡುವವರಿರುವುದಿಲ್ಲ. ಹೊಟ್ಟೆಯೊಳಗಿನ ಗಂಟು ಮುಂದಿನ ಸುಗ್ಗಿಯವರೆಗೆ ಕಾಯುವುದೂ ಇಲ್ಲ. ಇದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಅಕ್ಕನಿಗೆ ಇನ್ನು ಅವಮಾನವಾಗದಿರಲಿ ಎಂದು ಅವನು ತನ್ನ ಜೀವವನ್ನೇ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಾನೆ ಎಂದು ತಿಳಿದು ತಾರಾಬಾಯಿ ಮುಖವನ್ನು ಬೇರೆ ಕಡೆ ತಿರುವಿದಳು.

ಆಗ ಸಂಗವ್ವ, ಕಿವುಡರು ಮಾತಾಡುವ ಹಾಗೆ, ರಸ್ತೆಗೆಲ್ಲ ಕೇಳುವಂತೆ ಬಾಯಿ ಬಿಟ್ಟಳು. “ಅಲ್ಲಿ ತಣ್ಣಗ ಕೂತಿದ್ನಲ್ಲ, ಯಾಕ ಎಬ್ಬಿಸಿದ್ರಿ ನನ್ನ? ಪಾಪ, ಅಷ್ಟು ಮಂದಿ ಸರದು ಜಾಗಾ ಕೊಟ್ಟಿದ್ರು.”

ಯಾರು ಸರಿದರು ಎಂದು ನೀಲಗಂಗಾ ಅವಳ ಕಿವಿಯಲ್ಲಿ ಕೂಗಿದಳು.

“ಎಲ್ಲಾರೂ. ಆ ಅವ್ವ ಏನೋ ಬಾಯಿ ಆಡಿಸಿದ್ಲು ನೋಡು, ಕೂತವರೆಲ್ಲಾ ಗಂಟು ಎತಿಗೊಂಡು ಅತ್ಲಾಗೊಬ್ರು ಇತ್ಲಾಗೊಬ್ರು ಸರದ್ರು. ಕಾಲಿಗೆ ಪಟ್ಟಿ ಕಟಿಗೊಂಡಾವ ಸೈತ ಸರದ. ನಡುವ ಇಷ್ಟಗಲ ಜಾಗಾ ಆತು. ಹೋಗಿ ಕೂತೆ.”

ತಾರಾಬಾಯಿ ಅವಳನ್ನೇ ನೋಡಿದಳು.

ನಮ್ಮ ಸೀಮೆಯಲ್ಲಿ ‘ಸರೀರಿ’ ಎಂದರೆ ಎರಡರ್ಥ. ಒಬ್ಬರ ಮಾತಿಗೆ ‘ಆಯಿತು, ನೀವು ಹೇಳಿದ್ದು ಖರೆ’ ಎನ್ನುವಾಗಲೂ ಸರೀರಿ. ದಾರಿಯಲ್ಲಿ ಕುಳಿತವರಿಗೆ ‘ಸ್ವಲ್ಪ ಜರುಗಿ’ ಎನ್ನುವಾಗಲೂ ಸರೀರಿ. ಜೀವಮಾನವಿಡೀ ಎರಡನ್ನೂ ಆಡಿದ ಹೆಂಗಸು ತಾರಾಬಾಯಿ. ಆದರೂ ಅವ್ವನವರ ಬಾಯಿಂದ ಮಾತು ಬಿದ್ದೊಡನೆ ಅದು ತನಗೇ ಹೇಳಿದ್ದು, ತನ್ನನ್ನೇ ಒಪ್ಪಿದ್ದು ಎಂದುಕೊಂಡಿದ್ದಳು. ಮಾತು ತನ್ನ ತಲೆಯ ಮೇಲಿನಿಂದ ಹಾಯ್ದು ಒಳಗೆ ಕುಳಿತವರಿಗೆ ಹೋಗಿತ್ತು. ಅವರಿಗೆ ತಕ್ಷಣ ಅರ್ಥವಾಗಿತ್ತು. ಅವರೆಲ್ಲ ಒಂದು ದಿನ ಅದೇ ಮಾತಿನಿಂದಲೇ ಒಳಗೆ ಬಂದವರು. ಇಲ್ಲಿ ಜಾಗ ಎಲ್ಲಿದೆ ಎಂದು ಅವಳು ಕೇಳಿದ್ದಳು. ಅವ್ವನವರು ಉತ್ತರ ಹೇಳಿರಲಿಲ್ಲ, ಜಾಗವನ್ನೇ ಮಾಡಿದ್ದರು. ಕಿವಿಯಿದ್ದವಳು ಕೇಳಿ ಕೆಟ್ಟಳು. ಕಿವಿಯಿಲ್ಲದವಳು ನೋಡಿ ಕುಳಿತಳು.

ದಸ್ತಗೀರ ಅಲ್ಲೇ ಹತ್ತಿರದಲ್ಲಿ ಕುದುರೆಗೆ ನೀರು ತೋರಿಸುತ್ತಿದ್ದ. ಅವನಿಗೆ ಏನೂ ಹೇಳಬೇಕಾಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅವರು ಲಾಯ ತಲುಪಿದರು. ಸಂಗವ್ವ ಎದ್ದುಹೋದ ಜಾಗ ಹಾಗೇ ಇತ್ತು. ಅಷ್ಟೂ ಜನ ಅಷ್ಟು ಹೊತ್ತಿನಿಂದ ಒತ್ತೊತ್ತಾಗಿ ಕುಳಿತು ಅದನ್ನು ಹಾಗೇ ಬಿಟ್ಟಿದ್ದರು. ಅವ್ವನವರು ಎದ್ದು ಬಂದು, ಕಲ್ಲಿನಾಥನನ್ನು ತಾವೇ ಹಿಡಿದು ಕೂಡಿಸಿ, ತಂಬಿಗೆ ನೀರು ತಂದು ಅವನ ಕಾಲು ತೊಳೆದರು. ತಾರಾಬಾಯಿ ಚಪ್ಪಲಿ ಬಿಟ್ಟು, “ಅವ್ವಾರ, ನಾ ತಿಳೀಲಿಲ್ಲ…” ಎಂದು ಶುರುಮಾಡಿದಳು. ಅವ್ವನವರು ಅವಳ ಕೈಗೆ ನುಚ್ಚು ಮಜ್ಜಿಗೆಯ ಬಟ್ಟಲು ಕೊಟ್ಟರು. ಬಾಯಲ್ಲಿ ತುತ್ತಿಟ್ಟುಕೊಂಡು ಕ್ಷಮೆ ಕೇಳುವುದು ಬಲು ಕಷ್ಟ. ಅವ್ವನವರಿಗೆ ಅದು ಗೊತ್ತಿದ್ದೇ ಕೊಟ್ಟರೇನೋ.

ಲಾಯದ ರೀತಿ ಅವಳಿಗೆ ದಿನದಿಂದ ದಿನಕ್ಕೆ ತಿಳಿಯಿತು. ಬೆಳಿಗ್ಗೆ ಗೇಟಿನಲ್ಲಿ ಹೆಸರು ಕರೆಯುವಾಗ ಪ್ರತಿಯೊಬ್ಬರೂ ಹೋಗಿ ನಿಲ್ಲಬೇಕಾಗಿರಲಿಲ್ಲ. ಒಬ್ಬರು ಹೋಗುತ್ತಿದ್ದರು, ಎಲ್ಲರ ಹೆಸರಿಗೂ ಓಗೊಡುತ್ತಿದ್ದರು. ಯಾವ ಹೊಸಬರು ಬಂದರೂ ಉಳಿದವರು ಒಂದೊಂದು ಗೇಣು ಸರಿಯುತ್ತಿದ್ದರು. ತಾರಾಬಾಯಿಯೂ ಸರಿದಳು, ಮೊದಮೊದಲು ನಿಟ್ಟುಸಿರು ಬಿಟ್ಟುಕೊಂಡು, ಆಮೇಲೆ ನಿಟ್ಟುಸಿರಿಲ್ಲದೆ. ಕಲ್ಲಿನಾಥನ ಜಾಗವನ್ನು ಮಾತ್ರ ಗೋಡೆಯ ಕಡೆಗೇ ಇಟ್ಟು ಕಾಯ್ದುಕೊಂಡಳು. ರೋಗಿಯ ಜಾಗ ಎಂದು ಯಾರೂ ಏನೂ ಅನ್ನಲಿಲ್ಲ.

ಒಂದು ಬೆಳಿಗ್ಗೆ ಅಥಣಿಯ ಬಳೆಗಾರ್ತಿಯೊಬ್ಬಳು, ತನ್ನ ಗಂಡನ ಹೆಸರಿಗಾಗಿ ಕಾಯುತ್ತಿದ್ದವಳು, ಓಣಿಯುದ್ದಕ್ಕೂ ಕೂಗುತ್ತ ಓಡಿಬಂದಳು: ಕಲ್ಲಿನಾಥನನ್ನು ಕರೆದರು, ತಾನು ಓಗೊಟ್ಟು ಬಂದಿದ್ದೇನೆ. ಆ ಹೊತ್ತಿನಲ್ಲಿ ಮುರಿಗೆಪ್ಪ ಗೊರಕೆ ಹೊಡೆಯುತ್ತಿದ್ದ.

ದವಾಖಾನೆಯಲ್ಲಿ ಗಂಟು ತೆಗೆಯಲು ಕಲ್ಲಿನಾಥನನ್ನು ಒಳಗೆ ಕರೆದುಕೊಂಡು ಹೋದರು. ನಾಳೆ ಸಂಜೆಯವರೆಗೆ ಏನೂ ಹೇಳಲಾರೆವು ಎಂದರು. ನೀಲಗಂಗಾ, ಮುರಿಗೆಪ್ಪ ಅಲ್ಲೇ ಉಳಿದರು. ತಾರಾಬಾಯಿಗೆ ಆ ಔಷಧಿಯ ವಾಸನೆಯಲ್ಲಿ ಕೂಡಲಾಗಲಿಲ್ಲ. ಲಾಯಕ್ಕೆ ಬಂದು, ಅವನ ಜಾಗವನ್ನು ಗುಡಿಸಿ, ಚಾಪೆ ಹಾಸಿ, ಕಂಬಳಿಯನ್ನು ಮಡಿಸಿಟ್ಟು, ಅವನು ತಲೆ ಇಡುತ್ತಿದ್ದ ಕಡೆ ಒಂದು ಹಣತೆ ಹಚ್ಚಿಟ್ಟಳು. ಪಕ್ಕದಲ್ಲಿ ಕಾಲು ಮಡಿಚಿ ಕುಳಿತಳು. ಆ ಜಾಗವನ್ನು ಯಾರಾದರೂ ತುಳಿದರೆ ತಮ್ಮ ಹಿಂದಿರುಗುವುದಿಲ್ಲ ಎಂಬ ಭಯ ಎಲ್ಲಿಂದಲೋ ಬಂದು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು. ಲಾಯದಲ್ಲಿ ಮಾತು ನಿಂತುಹೋಯಿತು. ಬಂದವರು ದೀಪ ನೋಡಿ ದೂರದಿಂದ ಸುತ್ತಿ ಹೋಗುತ್ತಿದ್ದರು. ಅದನ್ನು ಅವಳು ಮರ್ಯಾದೆ ಎಂದುಕೊಂಡಳು.

ಮಾರನೆಯ ಮಧ್ಯಾಹ್ನ ರಾಮದುರ್ಗದ ಕಡೆಯ ಒಬ್ಬ ಮುದುಕ, ಅವನ ಸೊಸೆ, ಸೊಸೆಯ ಸೊಂಟದಲ್ಲಿ ಕೂಸು ಬಂದು ನಿಂತರು. ಸೊಸೆಯ ಒಂದು ಕಾಲು ಕಂಬದಂತೆ ಬಾತಿತ್ತು, ನಿಂತಲ್ಲೇ ಓಲಾಡುತ್ತಿದ್ದಳು. ಎಲ್ಲರೂ ಸರಿದರು, ಇನ್ನೂ ಸರಿದರು. ಕುಳಿತುಕೊಳ್ಳಲು ಜಾಗವಾಯಿತು, ಆ ಹೆಣ್ಣುಮಗಳಿಗೆ ಮಲಗಲು ಆಗಲಿಲ್ಲ. ಉದ್ದಕ್ಕೆ ಖಾಲಿಯಾಗಿದ್ದದ್ದು ಒಂದೇ. ಎಲ್ಲರ ಕಣ್ಣೂ ಅದರ ಮೇಲೆ ಹೋಯಿತು. ತಾರಾಬಾಯಿ ಎರಡೂ ಕೈಯನ್ನು ಚಾಪೆಯ ಮೇಲೆ ಊರಿದಳು.

“ಇದು ನನ್ನ ತಮ್ಮನ ಜಾಗಾ,” ಎಂದಳು. “ಇದನ್ನ ಕೊಟ್ರ ಅವ ಎಲ್ಲಿಗೆ ಬರಬೇಕು?”

ಅವ್ವನವರು ಬಂದು ಅವಳ ಎದುರು ಕುಕ್ಕರಗಾಲಲ್ಲಿ ಕುಳಿತರು. ದೀಪವನ್ನು ನೋಡಿದರು. ಆಮೇಲೆ ಅವಳ ಮುಖವನ್ನು ನೋಡಿದರು.

“ತಂಗೀ, ಯಾರೂ ಇಲ್ಲದ ಹಾಸಿಗಿಗೆ ತಲಿದೆಸಿ ದೀಪಾ ಯಾರಿಗೆ ಇಡತಾರ?”

ಅದು ಗೊತ್ತಿಲ್ಲದವರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ? ಮನೆಯಲ್ಲಿ ಒಬ್ಬರು ತೀರಿಕೊಂಡರೆ ಅವರು ಮಲಗಿದ್ದ ಜಾಗದಲ್ಲಿ ದೀಪ ಇಡುತ್ತಾರೆ. ದಿನಕರ್ಮ ಮುಗಿಯುವವರೆಗೆ ಅಲ್ಲಿ ಯಾರೂ ಮಲಗುವುದಿಲ್ಲ. ಗಂಡ ಹೋದಾಗ ಅವಳೇ ಅಂಥ ದೀಪಕ್ಕೆ ಎಣ್ಣೆ ಹಾಕಿದವಳು. ಇಲ್ಲಿ ಉಸಿರಾಡುತ್ತಿರುವ ತಮ್ಮನಿಗೆ, ಪ್ರೀತಿಯಿಂದಲೇ, ತ್ರಿಕರಣಪೂರ್ವಕ, ಅದನ್ನೇ ಮಾಡಿ ಕೂತಿದ್ದಳು. ಒಂದು ದಿನದಿಂದ ಈ ಜನ ದೂರದಿಂದ ಸುತ್ತಿ ಹೋಗುತ್ತಿದ್ದುದು ಯಾಕೆಂದು ಈಗ ತಿಳಿಯಿತು. ಅವಳಿಗೆ ಹೇಳಲು ಯಾರಿಗೂ ಬಾಯಿ ಬಂದಿರಲಿಲ್ಲ.

“ಹೋದವರಿಗೆ ಜಾಗಾ ಕಾಯತಾರ,” ಎಂದರು ಅವ್ವನವರು. “ಬರಾವರಿಗೆ ಜಾಗಾ ಮಾಡತಾರ.”

ಹಾಗೆಂದು ಹಣತೆಯನ್ನು ಎತ್ತಿಕೊಂಡು ಹೋಗಿ, ದಾರಿಗೆ ಕಾಣುವಂತೆ ಹೊಸ್ತಿಲ ಪಕ್ಕದ ಗೂಡಿನಲ್ಲಿ ಇಟ್ಟರು.

ತಾರಾಬಾಯಿ ಇನ್ನೂ ಸ್ವಲ್ಪ ಹೊತ್ತು ಕೈಯೂರಿಕೊಂಡೇ ಇದ್ದಳು. ಬಿಡುವುದು ಸುಲಭವಿರಲಿಲ್ಲ, ಆ ಕೈ ಹಿಡಿದಿದ್ದದ್ದು ಚಾಪೆಯನ್ನಲ್ಲ. ಆಮೇಲೆ ಮಂಡಿಯೂರಿ ಎದ್ದಳು. ಮಡಿಸಿಟ್ಟ ಕಂಬಳಿಯನ್ನು ಬಿಚ್ಚಿ ಹಾಸಿದಳು. ರಾಮದುರ್ಗದ ಹೆಣ್ಣುಮಗಳನ್ನು ತೋಳು ಹಿಡಿದು ತಂದು ಮಲಗಿಸಿ, ಬಾತ ಕಾಲಿನ ಕೆಳಗೆ ತನ್ನ ಸೀರೆಯ ಗಂಟನ್ನು ಒತ್ತುಕೊಟ್ಟಳು. ಕೂಸನ್ನು ಮಡಿಲಿಗೆ ತೆಗೆದುಕೊಂಡಳು. ಅದು ಮೊದಲ ಪರಿಚಯಕ್ಕೇ ಅವಳ ಇಳಕಲ್ ಸೀರೆಯನ್ನು ತೋಯಿಸಿತು. ಯಾತ್ರೆಗಳಲ್ಲಿ ಪಕ್ಕದ ಕೋಣೆಯ ಕೂಸು ಅತ್ತರೆ ಕಾರಭಾರಿಯನ್ನು ಕರೆಸುತ್ತಿದ್ದ ತಾರಾಬಾಯಿ, “ಇರಲಿ ಬಿಡವಾ, ಸೆಕಿ ಬಾಳ ಐತಿ, ತಂಪಾತು,” ಎಂದಳು. ಲಾಯದಲ್ಲಿ ಯಾರೋ ನಕ್ಕರು. ನಿಂತಿದ್ದ ಮಾತು ಮತ್ತೆ ಶುರುವಾಯಿತು.

ಸಂಜೆ ಮುರಿಗೆಪ್ಪ ಓಡುತ್ತ ಬಂದ. ಹೊಸ್ತಿಲಲ್ಲಿ ನಿಂತು ಬಾಯಿ ತೆರೆದ, ಮಾತು ಹೊರಡಲಿಲ್ಲ. ಕಣ್ಣಿಂದ ನೀರು ಸುರಿಯುತ್ತಿತ್ತು. ದಾರಿಯುದ್ದಕ್ಕೂ ಗೊಣಗಿದ ಬಾಯಿ ಹೀಗೆ ಕಟ್ಟಿದ್ದನ್ನು ನೋಡಿ ತಾರಾಬಾಯಿ ಕೂಸನ್ನು ಎದೆಗೆ ಅವಚಿಕೊಂಡಳು.

“ಕಲ್ಲ್ಯಾ,” ಎಂದ ಮುರಿಗೆಪ್ಪ ಕೊನೆಗೆ, “ಎಚ್ಚರಾಗ್ಯಾನ. ಚಾ ಕೇಳಾಕತ್ಯಾನ.”

ಗಂಟು ಪೂರ್ತಿ ಬಂದಿದೆ, ಜೀವಕ್ಕೆ ಭಯವಿಲ್ಲ ಎಂದು ಹೇಳಿದ್ದರಂತೆ. ತಾರಾಬಾಯಿ ಕೂಸನ್ನು ಸಂಗವ್ವನ ಕೈಗಿತ್ತು, ನೆಲಕ್ಕೆ ಹಣೆ ಹಚ್ಚಿ ಅವ್ವನವರ ಪಾದ ಹಿಡಿದಳು. ಅವ್ವನವರು ಆಗ ಹಂಡೆಗೆ ನುಚ್ಚು ಸುರಿಯುತ್ತಿದ್ದರು. ಒಂದು ಕೈಯನ್ನು ಅವಳ ತಲೆಯ ಮೇಲಿಟ್ಟು, ಮುರಿಗೆಪ್ಪನ ಕಡೆ ತಿರುಗಿ, “ಇವತ್ತ ಚಾ ಬ್ಯಾಡ,” ಎಂದರು. ಹರಸಿದ್ದು ಆ ಕೈಯೋ ಆ ಮಾತೋ, ತಾರಾಬಾಯಿ ಬೇರೆ ಮಾಡಿ ನೋಡಲಿಲ್ಲ.

ಹೊಲಿಗೆ ಮಾಯ್ದು ಕಲ್ಲಿನಾಥ ಲಾಯಕ್ಕೆ ಬಂದಾಗ ಗೋಡೆಯ ಕಡೆಯ ಜಾಗದಲ್ಲಿ ರಾಮದುರ್ಗದವಳಿದ್ದಳು. ಅವನು ಗೋದಲಿಯ ಪಕ್ಕದಲ್ಲಿ, ಬಳೆಗಾರ್ತಿಯ ಗಂಡನ ಮಗ್ಗುಲಲ್ಲಿ ಮಲಗಿ, ಇಬ್ಬರೂ ತಮ್ಮ ತಮ್ಮ ಹೊಟ್ಟೆಯ ಕತೆ ಹೇಳಿಕೊಂಡು ನಗಲಾರದೆ ನಕ್ಕರು.

ಊರಿಗೆ ಹೊರಡುವ ದಿನ ಬಂತು. ಅವ್ವನವರು ಎಲ್ಲರ ಹಣೆಗೂ ವಿಭೂತಿ ಹಚ್ಚಿ ಬೀಳ್ಕೊಟ್ಟರು. ಇರು ಎಂದು ಯಾರಿಗೂ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ಸ್ಟೇಶನ್ನಿನಲ್ಲಿ ಗದಗಿನ ಕಡೆಯ ರೈಲು ನಿಂತಿತ್ತು. ಕಲ್ಲಿನಾಥ ಕಿಟಕಿಯ ಪಕ್ಕ ಕುಳಿತ. ಸಂಗವ್ವನನ್ನು ಮೇಲೆ ಎಳೆದುಕೊಂಡರು, ಟ್ರಂಕುಗಳು ಒಳಗೆ ಹೋದವು. ತಾರಾಬಾಯಿ ಮಾತ್ರ ಬಾಗಿಲ ಸರಳು ಹಿಡಿದು ಕೆಳಗೆ ನಿಂತು ಬೇರೆಲ್ಲಿಗೋ ನೋಡುತ್ತಿದ್ದಳು.

ಎದುರಿನ ಪ್ಲಾಟ್‌ಫಾರ್ಮಿಗೆ ಬೆಳಗಾವಿಯ ಕಡೆಯಿಂದ ರೈಲೊಂದು ಬಂದು ಹೋಗಿತ್ತು. ಅದರಿಂದ ಇಳಿದ ನಾಲ್ಕೈದು ಜನ, ಕಟ್ಟಿಗೆಯ ಕುರ್ಚಿಯೊಂದರಲ್ಲಿ ಒಬ್ಬ ವಯಸ್ಸಾದ ಹೆಂಗಸನ್ನು ಕೂಡಿಸಿಕೊಂಡು ನಿಂತಿದ್ದರು. ಅವರಲ್ಲಿ ಹಿರಿಯನಾದವನು ಹೋಗಿಬರುವ ಹಮಾಲರನ್ನು ಹಿಡಿದು ಹಿಡಿದು ಕೇಳುತ್ತಿದ್ದ: ದವಾಖಾನೆಗೆ ಹತ್ತಿರ, ಸ್ವಲ್ಪ ಅಗಲವಾಗಿರುವ, ಬಹಳ ತುಟ್ಟಿಯಲ್ಲದ ಒಂದು ಜಾಗ ಎಲ್ಲಾದರೂ ಸಿಕ್ಕೀತೇ? ಹಮಾಲರು ಲಾಡ್ಜುಗಳ ಬೋರ್ಡಿನ ಕಡೆ ಕೈ ತೋರಿಸಿ ಮುಂದೆ ಹೋಗುತ್ತಿದ್ದರು.

ಗಾರ್ಡಿನ ಸೀಟಿ ಕೇಳಿತು. “ಹತ್ತ್ರಿ, ಅಕ್ಕಾರ,” ಎಂದಳು ನೀಲಗಂಗಾ. ತಾರಾಬಾಯಿ ಹತ್ತಲಿಲ್ಲ. ಕಲ್ಲಿನಾಥ ಅಕ್ಕನ ಮುಖವನ್ನು ಒಮ್ಮೆ ನೋಡಿದ, ಅವಳು ನೋಡುತ್ತಿದ್ದ ಕಡೆಗೂ ಒಮ್ಮೆ ನೋಡಿದ.

“ಮುರಿಗೆಪ್ಪಾ,” ಎಂದ, “ಅಕ್ಕನ ಟ್ರಂಕು ಕೆಳಗ ಇಳಸು.”

ಆ ಟ್ರಂಕು ಮತ್ತೆಂದೂ ಗದಗಿನ ರೈಲು ಹತ್ತಲಿಲ್ಲ ಎಂದು ಲಾಯದ ಹಳಬರು ಹೇಳುತ್ತಾರೆ. ಅವ್ವನವರು ಲಿಂಗೈಕ್ಯರಾಗುವವರೆಗೂ, ಆದ ಮೇಲೂ, ಮಿರಜಿನ ಸ್ಟೇಶನ್ನಿನಲ್ಲಿ ರೋಗಿಯೊಡನೆ ಇಳಿದ ಯಾವ ಕನ್ನಡದವರೂ ಬಿಡಾರಕ್ಕಾಗಿ ದಿಕ್ಕುಗೆಟ್ಟು ನಿಂತದ್ದಿಲ್ಲ. ಆದರೆ ಅವೆಲ್ಲ ಆಮೇಲಿನ ಮಾತು. ಆ ದಿನ ಗದಗಿನ ರೈಲು ಕದಲಿದಾಗ ಕಲ್ಲಿನಾಥ ಕಿಟಕಿಯಿಂದ ಕೈ ಬೀಸಿದ. ತಾರಾಬಾಯಿಯವರಿಗೆ ತಿರುಗಿ ಕೈ ಬೀಸಲಾಗಲಿಲ್ಲ. ಅಷ್ಟರಲ್ಲಿ ಅವರು ಹಳಿ ದಾಟಿ ಆ ಕಡೆ ಹೋಗಿದ್ದರು. ಅವರ ಒಂದು ಕೈಯಲ್ಲಿ ಟ್ರಂಕಿತ್ತು, ಇನ್ನೊಂದು ಕೈಯಲ್ಲಿ ಆ ಕುರ್ಚಿಯ ಕಾಲು.